ಬೇಳೆ ಹಸನು ಮಾಡುವವಳ ಚೀಟಿ

ಭಾಲ್ಕಿಯ ಮಹಾಮಾಯಾಳ ಮನೆಗೆ ಚಹಾಕ್ಕೆ ಹೋದವರು ಪರೀಕ್ಷೆ ಬರೆದವರಂತೆ ಹೊರಬರುತ್ತಾರೆಂದು ನೆರೆಯವರು ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ. ವ್ಯಾಪಾರದ ಸಾಫ್ಟ್‌ವೇರಿಗೆ ಏನೇನು ಬೇಕೆಂದು ಕಂಡುಹಿಡಿಯುವ ವಿದ್ಯೆ ಕಲಿಯಲು ನಲವತ್ತರ ಈಕೆ ಬೀದರಿನ ಬಸ್ಸು ಹತ್ತಿದಾಗಿನಿಂದ ಅಲ್ಲಿ ಕಲಿಸಿದಂತೆ ಎದುರಾದವರನ್ನೆಲ್ಲ ಪ್ರಶ್ನೆ ಕೇಳಿ, ಕಂಡದ್ದಕ್ಕೆಲ್ಲ ಒಂದು ಚೀಟಿ ಬರೆಯುತ್ತಾಳೆ: ಮೇಲೆ ಹೆಸರು, ಎಡಕ್ಕೆ ಅದಕ್ಕೇನು ಗೊತ್ತು, ಬಲಕ್ಕೆ ಅದೇನು ಮಾಡುತ್ತದೆ. ಹಾಲಿನವನಿಗೂ ಚೀಟಿ, ಅವನ ಎಮ್ಮೆಗೂ ಚೀಟಿ. ಗಂಡ ಗೋರಖನಾಥನ ಚೀಟಿಯ ಬಲಭಾಗ ಮಾತ್ರ ಖಾಲಿ. "ಏನರೆ ಬರಿ" ಎಂದರೆ, "ಮೊದಲ ಮಾಡ್ರಿ, ಆಮ್ಯಾಲ ಬರೀತೇನಿ" ಎನ್ನುತ್ತಾಳೆ. ಯಾವುದಾದರೂ ಒಂದು ವ್ಯಾಪಾರಕ್ಕೆ ಇಂಥ ಚೀಟಿಗಳನ್ನು ಬರೆದು ತರುವುದೇ ಬೀದರಿನ ಪರೀಕ್ಷೆ; ಅದಕ್ಕೆ ಅವಳು ಆರಿಸಿಕೊಂಡದ್ದು ಊರಿನ ಬೇಳೆ ಗಿರಣಿಯನ್ನು. ಮಾಲೀಕ, ಗುಮಾಸ್ತ, ಲಾರಿಗಳ ಜೊತೆಗೆ ಬೇಳೆ ಹಸನು ಮಾಡುವವಳಿಗೂ ಚೀಟಿ ಬರೆದಳು. "ಮಾಲೀಕರು ಆಕಿ ಹೆಸರೇ ಎತ್ತಿಲ್ಲ. ಆ ಚೀಟಿ ತೆಗೀರಿ, ಇಲ್ಲಂದ್ರ ಫೇಲ್ ಮಾಡ್ತೇನಿ" ಎಂದರು ಕಲಿಸುವ ಸರ್. ಆ ಚೀಟಿಯ ಎಡಭಾಗ ತುಂಬಿ ಬರಹ ಹಿಂಬದಿಗೂ ಹಬ್ಬಿತ್ತು: ಯಾವ ಚೀಲಕ್ಕೆ ನುಸಿ ಬಿದ್ದಿದೆಯೆಂದು ಮೂಗಿಗೆ ಗೊತ್ತು, ಯಂತ್ರ ಸವೆದದ್ದು ನುಚ್ಚು ನೋಡಿಯೇ ಗೊತ್ತು. ಹೇಳಿ ಬರೆಸಿದವಳು ಮೂವತ್ತು ವರ್ಷ ಆ ಗಿರಣಿಯಲ್ಲಿ ಮೊರ ಹಿಡಿದ ಮಹಾಮಾಯಾಳ ಅವ್ವ ಕೇಶರಬಾಯಿ. ಪರೀಕ್ಷೆಯ ದಿನ ಗೋರಖನಾಥ, "ಒಂದ ಚೀಟಿ ತಗದ್ರ ಏನಾಗ್ತದ?" ಎಂದ. "ಫೇಲ್ ಮಾಡ್ಲಿ ತಗೋರಿ. ನಮ್ಮವ್ವ ಇಲ್ಲದ ಗಿರಣಿ ನಾ ಬರಿಯಂಗಿಲ್ಲ" ಎಂದವಳು ಆ ಚೀಟಿಯನ್ನೇ ಎಲ್ಲಕ್ಕಿಂತ ಮೇಲಿಟ್ಟುಕೊಂಡು, ಬೀದರಿನ ಪರೀಕ್ಷೆಗೆಂದು ಮನೆಯ ಹೊಸ್ತಿಲು ದಾಟಿದಳು.