ಪ್ರಾರ್ಥನೆಯಲ್ಲಿ ಬಿಟ್ಟುಕೊಟ್ಟ ಗುಟ್ಟು

ಸುಗುಣಳ ಗುಟ್ಟನ್ನು ಹೊರಗೆ ಹಾಕಿದವಳು ನಾನು. ಅವಳ ಅತ್ತಿಗೆ ಎಸ್ತರ್ ಅಲ್ಲ. ಎಸ್ತರ್ ಯಾರ ಹತ್ತಿರವೂ ತುಟಿ ಬಿಚ್ಚಿರಲಿಲ್ಲ. ಬಿಚ್ಚಿದವಳು ನಾನು — ಅದೂ ಕಣ್ಣು ಮುಚ್ಚಿಕೊಂಡು, ಇನ್ನೊಬ್ಬರ ಕೈ ಹಿಡಿದು, ಪ್ರಾರ್ಥನೆಯಲ್ಲಿ. ಆ ತಪ್ಪು ಹೋಗಿ ಎಸ್ತರ್ ತಲೆಯ ಮೇಲೆ ಕೂತಾಗ ಸುಮ್ಮನಿದ್ದವಳೂ ನಾನೇ. ಸುಮ್ಮನಿದ್ದೆ ಎಂದರೂ ಪೂರ್ತಿ ಸತ್ಯವಾಗುವುದಿಲ್ಲ. ಅದನ್ನು ಅಲ್ಲಿ ಗಟ್ಟಿಯಾಗಿ ಕೂರಿಸಿದ್ದೇ ನಾನು.

ಇಲ್ಲಿರುವ ಹೆಸರುಗಳು ಅವರ ಹೆಸರುಗಳಲ್ಲ. ಇಬ್ಬರಿಗೂ ಓದಿ ಹೇಳಿ, ಅವರು ಆಗಲಿ ಎಂದ ಮೇಲೆಯೇ ಇದನ್ನು ಹೊರಗೆ ಕೊಡುತ್ತಿದ್ದೇನೆ. ಸುಗುಣಳಿಗೆ ಚಿಕ್ಕಂದಿನಿಂದ ಒಂದು ಕಾಯಿಲೆ ಇತ್ತು, ಮಾತ್ರೆಯಿಂದ ಹತೋಟಿಯಲ್ಲಿತ್ತು. ಅದು ಯಾವ ಕಾಯಿಲೆ ಎಂದು ಬರೆಯುವುದಿಲ್ಲ. ಒಂದು ಸಲ ಹೇಳಿದ್ದೇ ಸಾಕು.

ಆಗ ನಮ್ಮದಿನ್ನೂ ಕೋಲಾರ ಜಿಲ್ಲೆ. ಮೊಬೈಲು ಮನೆಮನೆಗೆ ಬಂದಿರಲಿಲ್ಲ. ಶಿಡ್ಲಘಟ್ಟದ ನಮ್ಮ ಕ್ರೈಸ್ತ ಸಭೆ ಚಿಕ್ಕದು. ಗುರುವಾರ ಮಧ್ಯಾಹ್ನ, ಪಾತ್ರೆ ತೊಳೆದು ಮುಗಿದ ಮೇಲೆ, ಹೆಂಗಸರೆಲ್ಲ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದೆವು. ಅದಕ್ಕೆ ನಾನು ಮುಂದಾಳು. ದೊಡ್ಡ ಭಕ್ತೆ ಎಂದೇನಲ್ಲ — ನನಗೆ ಹಾಡು ಬರುತ್ತದೆ, ಗಂಟಲು ಜೋರು, ಮನೆಯ ಹಜಾರ ದೊಡ್ಡದು. ಆದರೆ ಮುಂದೆ ಕೂತವಳಿಗೆ ಎಲ್ಲರೂ ಮನಸ್ಸಿನದನ್ನು ತಂದು ಹೇಳುತ್ತಾರೆ. ಹಾಗೆ ಹೇಳಿಸಿಕೊಳ್ಳುವುದರಲ್ಲಿ ಒಂದು ರುಚಿ ಇದೆ. ಆ ರುಚಿಯ ಹೆಸರನ್ನು ನಾನು ಆಗ ‘ಭಾರ’ ಎಂದುಕೊಂಡಿದ್ದೆ — ಬೇರೆಯವರ ಭಾರ ಹೊರುವುದು ಎಂದು.

ಸುಗುಣ ತಂದೆ ಇಲ್ಲದ ಹುಡುಗಿ. ರೇಷ್ಮೆ ನೂಲನ್ನು ಹುರಿ ಮಾಡುವ ಮಿಷನ್‌ನಲ್ಲಿ ಕೆಲಸ. ಮನೆಯಲ್ಲಿ ತಾಯಿ, ಅಣ್ಣ, ಅಣ್ಣನ ಹೆಂಡತಿ ಎಸ್ತರ್. ಎಸ್ತರ್ ಚಿಂತಾಮಣಿ ಕಡೆಯವಳು, ತವರಿನ ಮಾತು ತೆಲುಗು. ಅವಳು ಕೀರ್ತನೆ ಹಾಡಿದರೆ ನಮ್ಮವರು, ಸಾಹಿತ್ಯ ಕನ್ನಡದ್ದು, ರಾಗ ಮಾತ್ರ ಚಿಂತಾಮಣಿದು ಅಂತ ರೇಗಿಸೋರು. ದೇವರಿಗೆ ತೆಲುಗೂ ಬರುತ್ತಕ್ಕ, ನೀವೇನೂ ಯೋಚನೆ ಮಾಡಬೇಡಿ ಎಂದು ಅವಳು ನಗುತ್ತಲೇ ತಿರುಗಿಸಿ ಕೊಡೋಳು. ನಾದಿನಿಗೆ ತಲೆ ಬಾಚುವುದು, ಜಡೆ ಹಾಕುವುದು ಎಲ್ಲ ಅವಳದೇ. ನೋಡಿದವರು ಅಕ್ಕತಂಗಿಯರು ಎಂದುಕೊಳ್ಳಬೇಕು, ಹಾಗಿದ್ದರು.

ಅವರೆಕಾಯಿ ಕಾಲ. ಒಂದು ಸಂಜೆ ನಾನು ಮೆಟ್ಟಿಲ ಮೇಲೆ ಕಾಯಿ ಸುಲಿಯುತ್ತಾ ಕೂತಿದ್ದೆ. ಸುಗುಣ ಬಂದು ಪಕ್ಕದಲ್ಲಿ ಕೂತಳು, ಒಂದು ಹಿಡಿ ಮಡಿಲಿಗೆ ಹಾಕಿಕೊಂಡು ತಾನೂ ಸುಲಿಯತೊಡಗಿದಳು. ಗೌರಿಬಿದನೂರಿನಿಂದ ಗಂಡಿನ ಕಡೆಯವರು ಬಂದು ಒಪ್ಪಿ ಹೋಗಿದ್ದರು. ಹುಡುಗ ಅಲ್ಲೇ ಹತ್ತಿರದ ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿದ್ದ. ಭಾನುವಾರ ಆರಾಧನೆ ಮುಗಿದ ಮೇಲೆ ಮತ್ತೆ ಬರುತ್ತಾನೆ, ಇಬ್ಬರೂ ಕೂತು ಮಾತಾಡಬೇಕು ಎಂದಾಗಿತ್ತು. ಆಗ ತನ್ನ ಕಾಯಿಲೆಯ ವಿಷಯ ನನಗೆ ಹೇಳಿದಳು. ಅಮ್ಮ, ಅಣ್ಣ ಇಬ್ಬರೂ ಗಂಡಿನವರಿಗೆ ಹೇಳುವುದೇ ಬೇಡ ಅನ್ನುತ್ತಿದ್ದರಂತೆ. ಅತ್ತಿಗೆ ಒಬ್ಬಳೇ ಹೇಳು ಅಂದಿದ್ದಳಂತೆ.

“ನಾನೇ ಅವರಿಗೆ ಹೇಳ್ಬೇಕು ಆಂಟಿ. ಬೇರೆಯವರ ಬಾಯಿಂದ ಹೋಗಬಾರದು. ಹೇಳೋ ಧೈರ್ಯ ಬರ್ಲಿ ಅಂತ ಪ್ರಾರ್ಥನೆ ಮಾಡಿ.”

ಅಷ್ಟೇ ಅವಳು ಕೇಳಿದ್ದು. ಕಾಯಿಲೆ ಹೋಗಲಿ ಎಂದು ಕೇಳಲಿಲ್ಲ, ಮದುವೆ ಕೂಡಿ ಬರಲಿ ಎಂದೂ ಕೇಳಲಿಲ್ಲ. ಆ ವಯಸ್ಸಿಗೆ ಅಂಥ ನೆಟ್ಟಗಿನ ಮನಸ್ಸು — ನನಗೆ ಈ ವಯಸ್ಸಿಗೂ ಇಲ್ಲ. ಆಗಲಿ ಕಣಮ್ಮ ಎಂದೆ. ಸುಲಿದ ಕಾಳನ್ನು ಅವಳಿಗೂ ಒಂದು ಬಟ್ಟಲು ಕೊಟ್ಟು ಕಳಿಸಿದೆ.

ಶನಿವಾರ ಚಿಕ್ಕಬಳ್ಳಾಪುರದಲ್ಲಿ ಸುತ್ತಮುತ್ತಲಿನ ಸಭೆಗಳ ಹೆಂಗಸರ ಕೂಟವಿತ್ತು. ಊಟಕ್ಕೆ ಮುಂಚೆ, ಗುರುತಿಲ್ಲದವರ ಜೊತೆ ಇಬ್ಬಿಬ್ಬರಾಗಿ ಕೂತು ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿ ಎಂದರು. ನನಗೆ ಸಿಕ್ಕವರು ಗೌರಿಬಿದನೂರಿನ ಒಬ್ಬ ಹಿರಿಯ ತಾಯಿ. ಅವರು ಮೊದಲು ಪ್ರಾರ್ಥಿಸಿದರು. ಗಂಡನ ಕಾಯಿಲೆ, ಮಗಳು ಗಂಡನ ಮನೆ ಬಿಟ್ಟು ಬಂದು ಕೂತದ್ದು — ಹೇಳುತ್ತಾ ಹೇಳುತ್ತಾ ಅತ್ತರು. ನನ್ನ ಸರದಿ ಬಂತು. ನನ್ನ ಹತ್ತಿರ ಏನಿತ್ತು? ಮಗಳ ಪರೀಕ್ಷೆ, ನಮ್ಮ ಮನೆಯವರ ಮಂಡಿನೋವು. ಆ ಕಣ್ಣೀರಿನ ಮುಂದೆ ನನ್ನದು ತೀರಾ ಸಪ್ಪೆ ಅನ್ನಿಸಿತು. ನಾನೂ ಏನಾದರೂ ತೂಕದ್ದು ಇಡಬೇಕು — ನಾಚಿಕೆಯಾಗುತ್ತದೆ ಹೇಳಲಿಕ್ಕೆ, ಆದರೆ ಅದೇ ನಿಜ. ಬಾಯಿ ತಾನಾಗಿಯೇ ತೆರೆಯಿತು ಎನ್ನುವ ಹಾಗೂ ಇಲ್ಲ. ನಾನೇ ತೆರೆದೆ.

ತಂದೆ ಇಲ್ಲದ ಒಬ್ಬ ಮಗಳು ನಮ್ಮ ಸಭೆಯಲ್ಲಿದ್ದಾಳೆ ಕರ್ತನೇ ಎಂದು ಶುರು ಮಾಡಿದೆ. ಹುರಿ ಮಿಷನ್, ಕುಡುಮಲಕುಂಟೆಯ ಹುಡುಗ, ಭಾನುವಾರದ ಮಾತುಕತೆ, ಕಾಯಿಲೆ, ಮಾತ್ರೆ — ಎಲ್ಲ ಹೇಳಿದೆ. ದನಿ ನಡುಗಿಸಿಕೊಂಡೇ ಹೇಳಿದೆ. ಹೆಸರು ಹೇಳಲಿಲ್ಲ. ಹೆಸರು ಹೇಳಲಿಲ್ಲವಲ್ಲ ಎಂಬ ಒಂದನ್ನೇ ಆಮೇಲೆ ಎಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆನೋ.

ನಡುವೆ ಆ ತಾಯಿ ಆಮೆನ್ ಅನ್ನುವುದನ್ನು ನಿಲ್ಲಿಸಿದರು. ನನ್ನ ಕೈಯಲ್ಲಿದ್ದ ಅವರ ಕೈ ಸಡಿಲವಾಯಿತು. ಊಟಕ್ಕೆ ಕೂತಾಗ ಮೆಲ್ಲಗೆ ಹೇಳಿದರು: “ನಮ್ಮ ತಂಗಿ ಮಗನಿಗೂ ನಿಮ್ಮೂರಲ್ಲೇ ಒಂದು ಹೆಣ್ಣು ನೋಡವ್ರೆ ಕಣಮ್ಮ. ಆ ಹೆಣ್ಣಿಗೂ ತಂದೆ ಇಲ್ಲ.”

ನಾನು ಅವರ ಎಲೆಗೆ ಇನ್ನೊಂದು ಸೌಟು ಚಿತ್ರಾನ್ನ ಬಡಿಸಿದೆ. ಅಷ್ಟೇ ನಾನು ಮಾಡಿದ್ದು.

ಸಂಜೆ ಬಸ್ಸಿಳಿದು ಸುಗುಣಳ ಮನೆಯ ಮುಂದೆಯೇ ಬಂದೆ. ಅವಳು ಮಾರನೆಯ ದಿನಕ್ಕೆ ಸೀರೆ ಇಸ್ತ್ರಿ ಮಾಡುತ್ತಿದ್ದಳು. ಒಳಗೆ ಕರೆದಳು. ಆಗ ಹೇಳಿಬಿಟ್ಟಿದ್ದರೆ — ಹೀಗಾಯಿತಮ್ಮ, ನನ್ನ ನಾಲಿಗೆ ಕೆಟ್ಟ ಕೆಲಸ ಮಾಡಿತು, ಈಗಲೇ ಆ ಹುಡುಗನಿಗೆ ಫೋನ್ ಮಾಡು, ನೀನೇ ಮೊದಲು ಹೇಳು ಎಂದಿದ್ದರೆ — ಬಸ್ ಸ್ಟ್ಯಾಂಡಿನ ಕಾಯಿನ್ ಬೂತ್ ಇನ್ನೂ ತೆರೆದಿತ್ತು. ನಾನು ಕಾಫಿ ಆಯ್ತಾ ಎಂದು ಕೇಳಿ ಮುಂದೆ ನಡೆದೆ.

ಭಾನುವಾರ ಹುಡುಗ ಬರಲಿಲ್ಲ. ಪ್ರಾರ್ಥನೆ ಮಾಡಿದೆವು, ದೇವರ ಚಿತ್ತ ಕಾಣಲಿಲ್ಲ ಎಂದು ಹೇಳಿ ಕಳಿಸಿದರು. ನಮ್ಮವರಲ್ಲಿ ಹೆಣ್ಣು ಬೇಡ ಎನ್ನುವುದಕ್ಕೆ ಇರುವ ಮರ್ಯಾದೆಯ ಮಾತು ಅದು. ಆದರೆ ಸಂಬಂಧ ತಂದವರು ಸುಗುಣಳ ತಾಯಿಯ ಕಿವಿಯಲ್ಲಿ, ವಿಷಯ ನಿಮ್ಮ ಕಡೆಯವರಿಂದಲೇ ಬಂದದ್ದು ಎಂದೂ ಹೇಳಿ ಹೋದರು.

ಅಂದು ಸಂಜೆ ಸುಗುಣ ನಮ್ಮ ಮನೆಗೆ ಬಂದಳು. ಅಳಲಿಲ್ಲ. “ಅತ್ತಿಗೇನೇ ಆಂಟಿ. ಹೇಳು ಹೇಳು ಅಂತಿದ್ರಲ್ಲ, ನಾನು ಹೇಳಲ್ಲ ಅನ್ಕೊಂಡು ಅವರೇ ಹೇಳಿಸಿದಾರೆ. ಅಮ್ಮ, ಅಣ್ಣ ಹೇಳೋರಲ್ಲ. ನಿಮ್ಮನ್ನ ಬಿಟ್ರೆ ಇನ್ಯಾರಿಗೆ ಗೊತ್ತಿತ್ತು?”

ನಿಮ್ಮನ್ನ ಬಿಟ್ರೆ. ನನ್ನನ್ನು ಬಿಟ್ಟೇಬಿಟ್ಟಿದ್ದಳು. ಪ್ರಾರ್ಥನೆ ಮಾಡುವವಳು ಹೇಳಿಯಾಳೆಂಬ ಯೋಚನೆಯೇ ಅವಳಿಗೆ ಬಂದಿರಲಿಲ್ಲ. ಬಾಗಿಲು ತೆರೆದಿತ್ತು, ನಾನೇ ಎಂಬ ಒಂದು ಮಾತು ಸಾಕಾಗಿತ್ತು. ನಾನು ಅವಳ ತಲೆ ಸವರಿ ಅಂದದ್ದು ಇದು:

“ನಿಮ್ಮತ್ತಿಗೇನ ಕ್ಷಮಿಸಿಬಿಡಮ್ಮ.”

ಈ ಮಾತನ್ನು ಬರೆಯುವಾಗ ಈಗಲೂ ಪೆನ್ನು ಕೆಳಗಿಟ್ಟು ಎದ್ದು ಹೋಗಿ ಬಂದೆ. ಸುಳ್ಳು ಹೇಳಲಿಲ್ಲ ನೋಡಿ ನಾನು. ಎಸ್ತರ್ ಹೇಳಿದಳು ಎಂದು ಎಲ್ಲೂ ಅನ್ನಲಿಲ್ಲ. ಒಳ್ಳೆಯ ಮಾತಿನಲ್ಲೇ, ನಮ್ಮಲ್ಲಿರುವ ಎಲ್ಲಕ್ಕಿಂತ ಒಳ್ಳೆಯ ಮಾತಿನಲ್ಲೇ, ತಪ್ಪಿಲ್ಲದವಳನ್ನು ತಪ್ಪುಗಾರಳನ್ನಾಗಿ ಮಾಡಿದೆ.

ಸುಗುಣ ನನ್ನ ಮಾತನ್ನು ನಂಬಿಗಸ್ತಿಕೆಯಿಂದ ನಡೆಸಿದಳು. ಮುಂದಿನ ಭಾನುವಾರ ಕರ್ತನ ಭೋಜನ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ದಿನ. ಯಾರ ಮೇಲೆ ಏನಿದ್ದರೂ ತೀರಿಸಿಕೊಂಡು ಬನ್ನಿ ಎಂದು ಪಾಸ್ಟರ್ ಅಯ್ಯನವರು ಹೇಳುತ್ತಾರಲ್ಲ. ಸಭೆಯ ಬಾಗಿಲಲ್ಲಿ, ನಾವೆಲ್ಲ ಚಪ್ಪಲಿ ಬಿಡುತ್ತಿರುವಾಗ, ಸುಗುಣ ಹೋಗಿ ಎಸ್ತರ್ ಕೈ ಹಿಡಿದು, ನಾನು ನಿಮ್ಮನ್ನ ಕ್ಷಮಿಸಿದೀನಿ ಅತ್ತಿಗೆ ಎಂದಳು.

“ಯಾವುದಕ್ಕೆ?” ಎಂದಳು ಎಸ್ತರ್.

ಸುತ್ತ ಇದ್ದವರು ಮುಖ ಮುಖ ನೋಡಿಕೊಂಡರು. ಆಗ ಅವಳಿಗೆ ತಿಳಿಯಿತು, ತನ್ನ ಬಗ್ಗೆ ಊರೆಲ್ಲ ಏನು ತಿಳಿದುಕೊಂಡಿದೆ ಎಂದು. ಅಂದು ಎಲ್ಲರೂ ಎದ್ದು ಮುಂದೆ ಹೋದಾಗ ಎಸ್ತರ್ ಏಳಲಿಲ್ಲ. ಮನಸ್ಸಿನಲ್ಲಿ ಅಷ್ಟು ಸಿಟ್ಟು ಇಟ್ಟುಕೊಂಡು ರೊಟ್ಟಿಗೆ ಕೈ ಚಾಚಲಾರೆ ಎಂದು ಕೂತಿದ್ದಳಂತೆ. ನಮ್ಮ ಹೆಂಗಸರು, ನೋಡಿದಿರಾ, ಮನಸ್ಸಾಕ್ಷಿ ಚುಚ್ಚುತ್ತಿದೆ ಎಂದರು. ನಾನು ಅವಳ ಮುಂದೆಯೇ ಹಾದುಹೋಗಿ, ಮೊಣಕಾಲೂರಿ, ರೊಟ್ಟಿ ತಿಂದೆ, ಪಾತ್ರೆಯಿಂದ ಕುಡಿದೆ. ಬಂದು ನನ್ನ ಜಾಗದಲ್ಲಿ ಕೂತೆ.

ಬೇಸಿಗೆಯೊಳಗೆ ಎಸ್ತರ್ ಗಂಡನನ್ನು ಕರೆದುಕೊಂಡು ಚಿಂತಾಮಣಿಗೆ ಹೋಗಿಬಿಟ್ಟಳು. ಸುಗುಣಳ ತಾಯಿ ಮೊಮ್ಮಗಳನ್ನು, ಎಸ್ತರ್ ಮಗಳನ್ನು, ಹಬ್ಬಕ್ಕೊಮ್ಮೆ ನೋಡುವಂತಾಯಿತು. ಸುಗುಣ ಬೇರೆ ಗಂಡುಗಳನ್ನು ಬೇಡ ಎಂದಳು. ಅತ್ತಿಗೆ ನಾದಿನಿ ಎದುರಾದರೆ ಸ್ತೋತ್ರ ಎಂದು ವಂದಿಸುವರು, ಅಷ್ಟೇ. ನಾನು ಗುರುವಾರದ ಪ್ರಾರ್ಥನೆ ನಡೆಸುತ್ತಲೇ ಇದ್ದೆ. ವರ್ಷಗಳು ಹೋದವು.

ಈಚೆಗೆ ಸ್ತ್ರೀಯರ ಭಾನುವಾರಕ್ಕೆ ‘ನಂಬಿಗಸ್ತಳಾದ ಹೆಂಗಸು’ ಎಂಬ ವಿಷಯದ ಮೇಲೆ ನೀವೇ ಮಾತಾಡಬೇಕು ಎಂದರು. ಒಪ್ಪಿಕೊಂಡೆ. ಬೇಳೆ ಬೇಯಲು ಇಟ್ಟು, ಅಡುಗೆಮನೆಯಲ್ಲೇ ಕೂತು, ಏನೇನು ಹೇಳುವುದೆಂದು ಯೋಚಿಸಿದೆ. ಗಂಡನಿಗೆ, ಮಕ್ಕಳಿಗೆ, ಸಭೆಗೆ ನಂಬಿಗಸ್ತಳಾಗಿರುವುದರ ಬಗ್ಗೆ ಮಾತು ಸರಾಗವಾಗಿ ಬಂತು. ನಂಬಿ ಹೇಳಿದ ಮಾತಿಗೆ — ಎಂಬಲ್ಲಿಗೆ ಬಂದೆ. ಬೇಳೆ ತಳ ಹಿಡಿದದ್ದು ವಾಸನೆ ಬಂದ ಮೇಲೆ ಗೊತ್ತಾಯಿತು.

ಮಾರನೆಯ ಬೆಳಿಗ್ಗೆಯೇ ಚಿಂತಾಮಣಿ ಬಸ್ಸು ಹತ್ತಿದೆ. ಎಸ್ತರ್ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಡಲು ಹೇಳಿ, ಎಲ್ಲವನ್ನೂ ಹೇಳಿದೆ. ಅವಳು ಮೊರದಲ್ಲಿದ್ದ ರಾಗಿಯನ್ನು ಒಂದು ಕಡೆಗೆ ಬಳಿದಳು. ಆಮೇಲೆ ತನಗೆ ತಾನೇ ತೆಲುಗಿನಲ್ಲಿ ಏನೋ ಅಂದುಕೊಂಡಳು, ನನಗೆ ಕೇಳಲಿಲ್ಲ. ಕ್ಷಮಿಸು ಎಂದೆ.

“ಅದು ಈಗ್ಲೇ ಬರಲ್ಲಕ್ಕ ನನ್ನ ಬಾಯಿಂದ. ಸುಳ್ಳು ಹೇಳಲ್ಲ. ಮೊದ್ಲು ಅವಳ ಹತ್ರ ಹೋಗಿ ಹೇಳಿ.”

ನೀರು ಕೊಟ್ಟಳು. ಕುಡಿದು ಹೊರಟೆ.

ಅವತ್ತೇ ಮಧ್ಯಾಹ್ನ ಶಿಡ್ಲಘಟ್ಟದಲ್ಲಿ ಇಳಿದು ನಮ್ಮ ಮನೆಗೆ ಹೋಗದೆ ಸುಗುಣಳ ಮನೆಗೆ ಹೋದೆ. ತಾಯಿ ಹಿಟ್ಟು ಮಾಡಿಸಲು ಮಿಲ್ಲಿಗೆ ಹೋಗಿದ್ದರು. ಚಾಪೆಯ ಮೇಲೆ ಎದುರು ಬದುರು ಕೂತು ಹೇಳಿದೆ. ಈ ಸಲ ಯಾವುದನ್ನೂ ನಯ ಮಾಡಲಿಲ್ಲ. ಅವಳು ನನ್ನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದರೆ ಒಂದಿಷ್ಟು ಹಗುರವಾಗಬಹುದು ಎಂಬ ಆಸೆಯೂ ಒಳಗೆಲ್ಲೋ ಇತ್ತೇನೋ. ಅವಳು ಬೈಯಲಿಲ್ಲ. ಆ ಹುಡುಗನ ಮಾತೂ ಎತ್ತಲಿಲ್ಲ. ಅತ್ತಿಗೆಗೆ ಹೇಳಿದ್ರಾ ಎಂದಷ್ಟೇ ಕೇಳಿದಳು. ಹೇಳಿದೆ ಎಂದೆ. ಅವರೇನಂದ್ರು ಎಂದು ಕೇಳಲಿಲ್ಲ. ಎದ್ದು ಮುಖ ತೊಳೆದುಕೊಂಡಳು, ಸೆರಗು ಸರಿ ಮಾಡಿಕೊಂಡು ಚಪ್ಪಲಿ ಮೆಟ್ಟಿದಳು.

“ಚಿಂತಾಮಣಿಗೆ ಹೋಗಿ ಬರ್ತೀನಿ. ಹೋಗುವಾಗ ಬಾಗಿಲು ಎಳ್ಕೊಂಡು ಹೋಗಿ ಆಂಟಿ.”

ನಾನು ಆ ಖಾಲಿ ಮನೆಯಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ಪ್ರಾರ್ಥನೆ ಮಾಡಲು ಹೋದೆ, ಮಾತು ಬರಲಿಲ್ಲ. ಬರದಿದ್ದದ್ದೇ ಒಳ್ಳೆಯದಾಯಿತು. ಬಾಗಿಲು ಎಳೆದುಕೊಂಡು ಬಂದೆ.

ಅವಳು ಮೂರನೆಯ ದಿನ ವಾಪಸು ಬಂದಳು. ಅಲ್ಲಿ ಅವರಿಬ್ಬರೂ ಏನು ಮಾತಾಡಿಕೊಂಡರೋ, ಅತ್ತರೋ, ಜಗಳವಾಡಿದರೋ, ನನ್ನ ಬಗ್ಗೆ ಏನಂದುಕೊಂಡರೋ — ನನಗೆ ಗೊತ್ತಿಲ್ಲ. ಇದನ್ನು ಓದಿ ಹೇಳಲು ಹೋದಾಗಲೂ ಅವರು ಹೇಳಲಿಲ್ಲ. ನಾನು ಕೇಳಲಿಲ್ಲ. ಇನ್ನು ಕೇಳುವುದೂ ಇಲ್ಲ.