ಖಳನಾಯಕನಿಗೊಂದು ಆಯೇರಿ

ಅವರ ಮೇಲ್ತುಟಿಯ ಮೇಲೆ ಚಳಿಗಾಲವಿಡೀ ಒಂದು ಕೆಂಪು ಪಟ್ಟೆ ಇರುತ್ತಿತ್ತು. ನಾಟಕದ ತಾಲೀಮಿಗೆಂದು ಅಂಟು ಮೀಸೆ ಹಚ್ಚಿ, ಕಿತ್ತು, ಮತ್ತೆ ಹಚ್ಚಿ ಸುಲಿದುಹೋದ ಚರ್ಮ. ಲಂಡನ್ನಿನ ಕೆಂಟನ್ನಿನಲ್ಲಿ ನಮ್ಮ ಪಕ್ಕದ ಮನೆಯ ಇಂಗ್ಲಿಷ್ ಅಜ್ಜ ಅವರು. ಕನ್ನಡಕದ ಅಂಗಡಿ ನಡೆಸಿ ನಿವೃತ್ತರಾದವರು, ಬೇಲಿಯಾಚೆಯಿಂದ ದಿನಾ ‘ಮಗು ನಿದ್ದೆ ಮಾಡಿತಾ?’ ಎಂದು ಕೇಳುವ ಸಾಧು ಮನುಷ್ಯ. ವರ್ಷಕ್ಕೊಮ್ಮೆ ಮಾತ್ರ ಚರ್ಚಿನ ಹಾಲ್‌ನಲ್ಲಿ, ವಿಧವೆಯನ್ನೂ ಅವಳ ಹಸುಗೂಸನ್ನೂ ಹಿಮಕ್ಕೆ ದಬ್ಬುವ ದುಷ್ಟ ಜಮೀನ್ದಾರನಾಗುತ್ತಿದ್ದರು.

ಅದು ಅವರ ಮನೆತನದ ನಾಟಕ. ಗ್ಯಾಸ್ ದೀಪದ ಕಾಲದಲ್ಲಿ, ಥೇಮ್ಸ್ ದಂಡೆಯ ಯಾವುದೋ ಥಿಯೇಟರಿನಲ್ಲಿ ಅವರ ಮುತ್ತಜ್ಜಿ ಆ ವಿಧವೆಯ ಪಾತ್ರ ಮಾಡಿದ್ದಳಂತೆ. ಅಜ್ಜಿ ಅದನ್ನೇ ಊರೂರಿಗೆ ಒಯ್ದಳಂತೆ. ‘ಆಗ ಜನ ಅಳುತ್ತಿದ್ದರು’ ಎನ್ನುತ್ತಿದ್ದರು. ಅವರ ತಾಯಿಯ ಕಾಲಕ್ಕೆ ಜನ ನಗತೊಡಗಿದರು. ಇವರ ಕಾಲಕ್ಕೆ ಖಳ ಕಾಲಿಟ್ಟೊಡನೆ ಹಾಲ್ ಪೂರ್ತಿ ‘ಉಸ್ಸ್’ ಎಂದು ಬುಸುಗುಟ್ಟುವುದೇ ರೂಢಿಯಾಗಿತ್ತು. ಟಿಕೆಟ್ ಕೊಂಡವರು ಬರುತ್ತಿದ್ದದ್ದೇ ಆ ಮೋಜಿಗೆ. ಇಷ್ಟು ಹೇಳಿ ತುಟಿ ಸವರಿಕೊಂಡು ಅವರು ಬೇರೆ ಮಾತು ತೆಗೆಯುತ್ತಿದ್ದರು.

ತೊಂಬತ್ತರ ದಶಕದ ಒಂದು ಚಳಿಗಾಲ. ನನ್ನ ಬಾಣಂತನಕ್ಕೆ ಧಾರವಾಡದಿಂದ ಬಂದಿದ್ದ ಅವ್ವನನ್ನು ಆ ನಾಟಕಕ್ಕೆ ಕರೆದೊಯ್ದೆ. ಅವ್ವ ಕಂಪನಿ ನಾಟಕ ನೋಡಿ ಬೆಳೆದವಳು. ಇಂಗ್ಲಿಷ್ ಬಾರದಿದ್ದರೂ ಕಥೆ ಅವಳಿಗೆ ಪೂರ್ತಿ ತಿಳಿಯುತ್ತಿತ್ತು. ತಿಳಿಯದಿದ್ದದ್ದು ಆ ಬುಸುಗುಟ್ಟುವಿಕೆ.

“ಅಜ್ಜಾರು ಅಷ್ಟ ಚಲೋ ಮಾಡಾಕತ್ತಾರ. ಯಾಕ ಹಿಂಗ ಅವಮಾನ ಮಾಡ್ತಾರ ಇವರು?”

“ಸುಮ್ನ ಕೂಡವ್ವಾ, ಇಲ್ಲೆ ಹಂಗ.”

ಕೊನೆಯ ದೃಶ್ಯ. ಕಾಗದದ ಚೂರಿನ ಹಿಮ ಉದುರುತ್ತಿತ್ತು. ಜಮೀನ್ದಾರ ಪಶ್ಚಾತ್ತಾಪಪಟ್ಟು, ಎದೆ ಹಿಡಿದುಕೊಂಡು, ಬಿದ್ದು ಸತ್ತ. ಜನ ಹೊಟ್ಟೆ ಹಿಡಿದು ನಕ್ಕರು. ಅವ್ವ ಧಡಕ್ಕನೆ ಎದ್ದಳು.

“ಮನಿಶಾ ಸಾಯಾಕತ್ರ ನಗ್ತೀರಲ್ಲ, ನಾಚಿಕಿ ಬರೂದಿಲ್ಲೇನ್ರಿ ನಿಮಗ!”

ಹಿಡಿಯುವಷ್ಟರಲ್ಲಿ ವೇದಿಕೆ ಹತ್ತಿಬಿಟ್ಟಿದ್ದಳು. ನಮ್ಮ ಕಡೆ ಪಾತ್ರ ಮನಸ್ಸಿಗೆ ಹತ್ತಿದರೆ ನಾಟಕದ ನಡುವೆಯೇ ಹೋಗಿ ನಟನಿಗೆ ಉಡುಗೊರೆ ಕೊಟ್ಟು, ಆಯೇರಿ ಮಾಡಿ ಬರುತ್ತಾರೆ. ಅವ್ವ, ಅಳಿಯ ಕೊಡಿಸಿದ ಹೊಸ ಶಾಲು ತೆಗೆದು ಸತ್ತವರಿಗೆ ಹೊದಿಸಿ, ಕೈಮುಗಿದು, ಗಟ್ಟಿಯಾಗಿ ಅತ್ತಳು. ನಗೆ ಇಮ್ಮಡಿಯಾಯಿತು. ನನಗೋ, ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ತೊಡೆಯ ಮೇಲಿನ ಮಗುವಿನ ಕುಲಾವಿ ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿ ಕೂತೆ. ಹೆಣ ಅಲುಗಲಿಲ್ಲ. ಮೀಸೆಯ ಒಂದು ತುದಿ ಮಾತ್ರ ನಡುಗುತ್ತಿತ್ತು.

ಮನೆಗೆ ಬಂದು ಅಲ್ಲಿನ ರೂಢಿ ತಿಳಿಸಿದಾಗ ಅವ್ವ ಕುಸಿದಳು. “ಅಯ್ಯ ಶಿವನ! ಇಷ್ಟು ಮಂದ್ಯಾಗ ನಿನ್ನ ಮಾನಾ ಕಳದ್ನೆಲ್ಲವಾ.” ಆಮೇಲೆ ಕೂಸಿನ ಬಟ್ಟೆ ಒಣಹಾಕಲಿಕ್ಕೂ ಹಿತ್ತಲಿಗೆ ಹೋಗಲೊಲ್ಲಳು. ಅಜ್ಜನಿಗೆ ಮುಖ ತೋರಿಸುವುದು ಹೇಗೆ ಎಂಬುದೊಂದೇ ಚಿಂತೆ.

ಅಜ್ಜನೇ ಬಂದರು, ಶಾಲು ಮಡಚಿ ಹಿಡಿದುಕೊಂಡು. ಅವ್ವ ಅಡುಗೆಮನೆಯ ಬಾಗಿಲ ಹಿಂದೆ ಸೇರಿಕೊಂಡಳು.

‘ವರ್ಷವರ್ಷವೂ ಜನರನ್ನು ನಗಿಸಲಿಕ್ಕೆ ಸಾಯುತ್ತೇನೆ. ಅಜ್ಜಿಯ ಫೋಟೋ ನೋಡಲು ನಾಚಿಕೆಯಾಗುತ್ತದೆ. ಈ ಸಲ ಒಬ್ಬರಾದರೂ ಅತ್ತರು. ಇದನ್ನು ನಾನೇ ಇಟ್ಟುಕೊಳ್ಳಲೇ ಎಂದು ನಿನ್ನ ತಾಯಿಯನ್ನು ಕೇಳು.’

ಕೇಳಿದೆ. ಬಾಗಿಲ ಹಿಂದಿನಿಂದ ಉತ್ತರ ಬಂತು: “ಆಯೇರಿ ಯಾರರ ತಿರುಗಿ ತಗೋತಾರೇನ? ಇಟ್ಕೋರಿ ಅನ್ನು. ಸಾಯೂದು ಭಾಳ ಚಲೋ ಸಾಯ್ತೀರಿ ಅಂತನೂ ಹೇಳು.”

ಮೊದಲಿನ ಮಾತನ್ನಷ್ಟೇ ಇಂಗ್ಲಿಷಿಗೆ ತಂದೆ. ಎರಡನೆಯದಕ್ಕೆ ನಾಲಿಗೆ ಏಳಲಿಲ್ಲ.

ಆಮೇಲಿನ ಚಳಿಗಾಲಗಳಲ್ಲೆಲ್ಲ ಅವರು ಆ ಶಾಲನ್ನೇ ಕುತ್ತಿಗೆಗೆ ಸುತ್ತಿಕೊಂಡು ಬೆಳಗ್ಗೆ ಬಾಗಿಲಲ್ಲಿ ಇಟ್ಟುಹೋದ ಹಾಲಿನ ಬಾಟಲಿ ಒಳಗೆ ಒಯ್ಯುತ್ತಿದ್ದರು. ನಾಟಕದಲ್ಲಿ ಸಾಯುವ ಮುಂಚೆ ಒಮ್ಮೆ ನನ್ನ ಪಕ್ಕದ ಕುರ್ಚಿಯತ್ತ ನೋಡುತ್ತಿದ್ದರು. ಅವ್ವ ಊರಿಗೆ ಮರಳಿ ಬಹಳ ದಿನವಾಗಿತ್ತು.

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಅವರು ನಿಜವಾಗಿಯೂ ತೀರಿಕೊಂಡರು. ಶವಪೆಟ್ಟಿಗೆ ಚರ್ಚಿನೊಳಗೆ ಬಂದಾಗ ನಾಟಕದ ತಂಡದವರೆಲ್ಲ ಎದ್ದುನಿಂತು, ಪ್ರೀತಿಯಿಂದಲೇ, ‘ಉಸ್ಸ್’ ಎಂದರು. ಸುತ್ತಲೂ ಮೆಲ್ಲಗೆ ನಗು. ನನಗೆ ಎದೆಯೊಳಗಿಂದ ಬಿಕ್ಕು ಒತ್ತಿಬಂತು. ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡೆ.

ಸಂಜೆ ಧಾರವಾಡಕ್ಕೆ ಫೋನು ಮಾಡಿ ಅವ್ವನಿಗೆ ಸುದ್ದಿ ಹೇಳಿದೆ.

“ಯಾರರ ಅತ್ತರೇನವಾ?”

“ನಾ ಅತ್ನಿ, ಅವ್ವಾ.”

“ಅಜ್ಜಾರಿಗೆ ಕೇಳೂ ಹಂಗ ಅತ್ತೇನ?”

ಬಾಯಿಗೆ ತುರುಕಿಕೊಂಡಿದ್ದ ಕರವಸ್ತ್ರ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು.