ಮೂರನೇ ಆಟದ ಬೆಂಕಿ

ನಮ್ಮ ಮನೆಯ ಕೆಳಗಿನ ತೇಲೇಭಾಜಾ, ಅಂದರೆ ಕರಿದ ತಿಂಡಿಯ, ಅಂಗಡಿಯವರು ಸಂಜೆಯ ಬದನೆ ಬಜ್ಜಿ ಕರಿಯಲು ಶುರುಮಾಡಿದ್ದಾರೆ. ಕಾದ ಸಾಸಿವೆ ಎಣ್ಣೆಯ ವಾಸನೆ ಕಿಟಕಿಯಿಂದ ಬಂದರೆ ಸಾಕು, ಎದ್ದು ಹೋಗಿ ನಮ್ಮ ಒಲೆ ನೋಡಿ ಬರುತ್ತೇನೆ. ಅದು ಆರಿಯೇ ಇರುತ್ತದೆ. ಈ ಬಂಗಾಳಿ ಊರಿನ ಖಿದಿರ್‌ಪುರದಲ್ಲಿರುವ ನಮ್ಮ ಸಣ್ಣ ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ಇಪ್ಪತ್ತೈದು ವರ್ಷ ನಿಂತವಳಿಗೆ ಬೆಂಕಿಯ ಮೇಲೆ ಇಷ್ಟೊಂದು ಅನುಮಾನವೇ ಎಂದು ನೀವು ನಗಬಹುದು. ನಗಿ, ಆದರೆ ಕೇಳಿ.

ಮಗಳು ವಿಡಿಯೊ ಗೇಮ್ ಆಡುವಾಗ ಪಕ್ಕದಲ್ಲಿ ಕುಳಿತು ಬೀನ್ಸ್ ಹೆಚ್ಚುವುದು ನನ್ನ ಹಳೆಯ ಅಭ್ಯಾಸ. ಒಂದೇ ಆಟದ ಮೂರು ಭಾಗಗಳನ್ನು ಹೀಗೆ ನೋಡಿದ್ದೇನೆ. ಕಾಡು, ಊರು, ಬೆಟ್ಟ, ಎಲ್ಲಿ ಬೇಕಾದರೂ ಅಲೆಯಬಹುದು. ಕಥೆ ನನಗೆ ಇವತ್ತಿಗೂ ತಿಳಿದಿಲ್ಲ. ನಾನು ನೋಡುತ್ತಿದ್ದದ್ದು ಬೆಂಕಿಯನ್ನು ಮಾತ್ರ.

ಅವಳು ಆರನೇ ಕ್ಲಾಸಿನಲ್ಲಿದ್ದಾಗಿನ ಮೊದಲ ಭಾಗದಲ್ಲಿ ಬೆಂಕಿ ಬರೀ ಚಿತ್ರ. ಪಂಜು ಹಿಡಿದು ಹುಲ್ಲಿನ ಮಾಡಿನ ಕೆಳಗೆ ನಿಂತರೂ ಏನೂ ಹತ್ತದು. ಇದರಲ್ಲಿ ಒಂದು ಲೋಟ ಕಾಫಿಯೂ ಬಿಸಿಯಾಗಲಿಕ್ಕಿಲ್ಲ ಎಂದು ಹಂಗಿಸಿದ್ದೆ. ಹತ್ತನೇ ಕ್ಲಾಸಿನ ಹೊತ್ತಿಗೆ ಬಂದ ಎರಡನೆಯದರಲ್ಲಿ ಹುಲ್ಲು ಹತ್ತಿತು. ಆದರೆ ಕಾವಲಿಯ ಮೇಲಿನ ದೋಸೆಯ ಹಾಗೆ ದುಂಡಗೆ ಹರಡಿ, ಕಾಲುದಾರಿ ಬಂದ ಕೂಡಲೇ ಮರ್ಯಾದೆಯಿಂದ ನಿಲ್ಲುತ್ತಿತ್ತು. ಒಂದು ಬಕೆಟ್ ನೀರಿಗೆ ಎಂಥ ಬೆಂಕಿಯೂ ಆರುತ್ತಿತ್ತು. ಅದು ನನಗೆ ಬಹಳ ಹಿಡಿಸಿತ್ತು. ಯಾಕೆಂದು ಯಾರಿಗೂ ಹೇಳಿರಲಿಲ್ಲ.

ಮಗಳಿಗೆ ನಾಲ್ಕು ವರ್ಷವಿದ್ದಾಗ ಹೋಟೆಲಿನಲ್ಲಿ ಗೋಳಿಬಜೆಯ ಬಾಣಲೆಗೆ ಬೆಂಕಿ ಹತ್ತಿತ್ತು. ನನ್ನ ಯಜಮಾನರು ಮುಚ್ಚಳ ಹುಡುಕುತ್ತಿದ್ದರು. ನಾನು ಕೈಗೆ ಸಿಕ್ಕ ಚೊಂಬಿನ ನೀರು ಎರಚಿದೆ. ಕಾದ ಎಣ್ಣೆ ಉರಿಯ ಸಮೇತ ಎದ್ದು ಅವರ ಬಲತೋಳಿನ ಮೇಲೆ ಬಿತ್ತು. ಆಸ್ಪತ್ರೆಯಲ್ಲಿ, ನೆಂಟರಲ್ಲಿ, ಆಮೇಲೆ ಮಗಳಲ್ಲಿ ಅವರು ಹೇಳಿದ್ದು ಒಂದೇ: ಬಾಣಲೆ ಇಳಿಸುವಾಗ ತಮ್ಮ ಕೈ ಜಾರಿತು. ನಾನು ಸುಮ್ಮನಿದ್ದೆ. ಮೊದಲು ಹೆದರಿಕೆಯಿಂದ, ಆಮೇಲೆ ಅಭ್ಯಾಸದಿಂದ. ಮಗಳು ಅಪ್ಪನಿಗೆ 'ಕೈಜಾರಪ್ಪ' ಎಂದು ಹೆಸರಿಟ್ಟಳು. ಪಾಡಾದ, ಅಂದರೆ ನಮ್ಮ ಕೇರಿಯ, ಪೂಜೆಯಲ್ಲಿ ಯಾರಾದರೂ ಭೋಗದ ಪ್ರಸಾದದ ಪಾತ್ರೆ ಅವರ ಕೈಗೆ ಕೊಡಲು ಬಂದರೆ ತಾನೇ ನಡುವೆ ಬಂದು ಇಸಕೊಳ್ಳುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅವರೂ.

ಈಗ ಅವಳು ಸೆಕ್ಟರ್ ಫೈವ್‌ನ ಐಟಿ ಕಂಪನಿಯೊಂದಕ್ಕೆ ಕೆಲಸಕ್ಕೆ ಹೋಗುತ್ತಾಳೆ. ನಿನ್ನೆ ಭಾನುವಾರ, ಮೂರನೇ ಭಾಗ ಆಡುತ್ತಿದ್ದಳು. ಇದರ ಬೆಂಕಿ ಗಾಳಿ ಬೀಸಿದ ಕಡೆ ತಿರುಗುತ್ತದೆ, ಒದ್ದೆ ಸೌದೆಯಲ್ಲಿ ಹೊಗೆಯಾಡುತ್ತದೆ, ಕಾಲುದಾರಿಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಒಂದು ಉಗ್ರಾಣದಲ್ಲಿ ಎಣ್ಣೆಯ ಪೀಪಾಯಿ ಹತ್ತಿಕೊಂಡಿತು. ಅವಳು ನೀರು ಎರಚಿದಳು. ಉರಿ ಮಾಡಿನವರೆಗೆ ಎದ್ದು, ಆಟದಲ್ಲಿ ಅವಳ ಜೊತೆಗಿದ್ದವನು ಸುಟ್ಟುಹೋದ.

"ಅರೇ, ಪಾನಿ ಹೀ ತೋ ಡಾಲಾ," ಎಂದು ನನ್ನ ಕಡೆ ತಿರುಗಿದಳು. "ಅಮ್ಮ, ನೀರು ಹಾಕಿದ್ರೆ ಹೀಗೆ ಆಗ್ತದಾ?"

"ಆಗ್ತದೆ," ಎಂದೆ. ತಟ್ಟೆ ಕೆಳಗಿಟ್ಟೆ. "ಅಪ್ಪನ ಕೈ ಜಾರಿದ್ದಲ್ಲ. ನೀರು ಹಾಕಿದ್ದು ನಾನು."

ಅವಳು ಆಟ ನಿಲ್ಲಿಸಿದಳು. ಯಜಮಾನರು ಪೇಪರ್ ಮಡಚಿ, ಈಗ ಅದೆಲ್ಲ ಎಂತಕ್ಕೆ ಎಂದು ಏಳಲು ನೋಡಿದರು. ನಾನು ಬಿಡಲಿಲ್ಲ. ಇಷ್ಟು ವರ್ಷ ಒಬ್ಬರಿಗಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಾಲ್ಕು ಜನ ಆಡಿಕೊಂಡಿದ್ರೆ ನೀನು ಮತ್ತೆ ಒಲೆ ಹತ್ರ ಬರ್ತಿದ್ದೆಯಾ ಮಾರಾಯ್ತಿ?" ಎಂದರು. "ನನಗೆ ನಿನ್ನ ಹಾಗೆ ಸಾಂಬಾರು ಮಾಡ್ಲಿಕ್ಕೆ ಬರ್ತದಾ?"

ಮಗಳು ನಗಲಿಲ್ಲ. ಅಪ್ಪನ ಪಕ್ಕಕ್ಕೆ ಹೋಗಿ ಕುಳಿತಳು. "ಮತ್ತೆ, ನಾನು ಆ ಹೆಸರು ಕರೆದಾಗೆಲ್ಲ ಅಮ್ಮ ಕೇಳಿಕೊಂಡು ಕೂತದ್ದಾ?" ಎಂದಳು. ಕೇಳಿದ್ದು ಅವರನ್ನು. ಹೌದು ಎಂದವಳು ನಾನು.

ನಿನ್ನೆಯಿಂದ ಅವಳು ನನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲ. ಬೆಳಿಗ್ಗೆ ಎರಡೇ ಇಡ್ಲಿ ಸಾಕು ಎಂಬುದನ್ನೂ ಅಪ್ಪನ ಮೂಲಕ ತಿಳಿಸಿದಳು. ಅವರು ನಡುವೆ ನಿಂತು ಒದ್ದಾಡುತ್ತಿದ್ದಾರೆ. ರಾಜಿ ಮಾಡಿಸಲು ಬರಬೇಡಿ ಎಂದು ಹೇಳಿದ್ದೇನೆ. ಈ ಸಿಟ್ಟು ತಡವಾಗಿ ಬಂದರೂ ಬರಬೇಕಾದವಳ ಬಳಿಗೇ ಬಂದಿದೆ. ಎಷ್ಟು ದಿನ ಇರುತ್ತದೋ ಇರಲಿ.